ಡಬ್ಬಿ ಡಬ್ಬಿ ಅಕ್ಷರಗಳ ಕಥೆ: ಗಡಿಶಾಲೆಗೆ ಕಂಪ್ಯೂಟರ್ ಕನ್ನಡ ಬಂದ ದಾರಿ



ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸೊರಡಿ, ಅದರ ಸುತ್ತಮುತ್ತಲಿನ ಹಳ್ಳಿಗಳು ಮಹಾರಾಷ್ಟ್ರದಲ್ಲಿವೆ. ತಾಲೂಕಿನ ಅಂಚಿಗೆ ಹೋದರೆ ವಿಜಯಪುರ ಜಿಲ್ಲೆ. ಈ ಭಾಗದಲ್ಲಿ ಕನ್ನಡ ಕಲಿಸುವ ನಮ್ಮಂಥವರಿಗೆ ಒಂದು ತಾಪತ್ರಯ ತಪ್ಪಿದ್ದಲ್ಲ. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತೇವೆ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರ ಹೋಗಿ ಡಬ್ಬಿ ಡಬ್ಬಿ ಕಾಣುತ್ತದೆ, ಇಲ್ಲವೇ ಇಂಗ್ಲಿಷ್ ಅಕ್ಷರ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತದೆ. "ವೈರಸ್ ಬಂದಿದೆ" ಎಂದು ಯಾರೋ ಅನ್ನುತ್ತಾರೆ. ವೈರಸ್ಸೂ ಇಲ್ಲ, ಏನೂ ಇಲ್ಲ. ಅದರ ಹಿಂದೆ ನಾಲ್ಕು ದಶಕಗಳ ಇತಿಹಾಸ ಇದೆ. ಅದು ಗೊತ್ತಾದರೆ ರೋಗವೂ ತಿಳಿಯುತ್ತದೆ, ಮದ್ದೂ ತಿಳಿಯುತ್ತದೆ.

ಮೊದಲು ಬಂದದ್ದು ಟೀವಿ

ನಮ್ಮ ಭಾಗದಲ್ಲಿ ಶಾಲೆಗೆ ಯಂತ್ರ ಬಂದ ಕಥೆ ಕಂಪ್ಯೂಟರಿನಿಂದ ಶುರುವಾಗುವುದಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟೀವಿ ಕಾರ್ಯಕ್ರಮ ಕಳಿಸಿದರು. ಕೋಳಿಬಲೆಯಂಥ ತಂತಿಜಾಲರಿಯಿಂದ ಮಾಡಿದ ಸುಮಾರು 10 ಅಡಿ ಅಗಲದ ಛತ್ರಿ, ಅದಕ್ಕೊಂದು ಟೀವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು. ಆರು ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರ ಇರಲಿಲ್ಲ.

ಅಂದರೆ ಏನಾಯಿತು? ನಮ್ಮ ಪಕ್ಕದ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳು ಕನ್ನಡದಲ್ಲಿ ಟೀವಿ ಪಾಠ ನೋಡುತ್ತಿದ್ದಾಗ, ಅದೇ ಭಾಷೆ ಆಡುವ ಜತ್ತ ತಾಲೂಕಿನ ಮಕ್ಕಳು ಯೋಜನೆಯ ಹೊರಗೆ ಉಳಿದರು. ಆಕಾಶದಲ್ಲಿನ ಉಪಗ್ರಹಕ್ಕೆ ಗಡಿ ಇಲ್ಲ, ಕೆಳಗಿನ ಛತ್ರಿಗೆ ಮಾತ್ರ ಗಡಿ ಇತ್ತು. ಗಡಿಯ ಕನ್ನಡ ಶಾಲೆಯ ಸಮಸ್ಯೆ ಆಗಿನಿಂದಲೂ ಇದೇ. ಯಂತ್ರ ಬರುವುದು ಒಂದು ರಾಜ್ಯದಿಂದ, ಭಾಷೆಯ ಸಾಮಗ್ರಿ ತಯಾರಾಗುವುದು ಹೆಚ್ಚಾಗಿ ಇನ್ನೊಂದು ರಾಜ್ಯದಲ್ಲಿ.

ಅಕ್ಷರಕ್ಕೆ ಮನೆ ನಂಬರು

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ನಂಬರು ಕೊಡಬೇಕು. ಇಂಗ್ಲಿಷಿಗೆ ಅದು ಬೇಗ ಆಯಿತು. ಭಾರತೀಯ ಭಾಷೆಗಳಿಗಾಗಿ ಐಐಟಿ ಕಾನ್ಪುರದಲ್ಲಿ ಕೆಲಸ ನಡೆದು, 'ಜಿಸ್ಟ್' ತಂತ್ರಜ್ಞಾನ ಪುಣೆಯ ಸಿ-ಡ್ಯಾಕ್ ಸಂಸ್ಥೆಗೆ ಬಂತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಬಗೆಯ ನಂಬರು ಕೊಡುವ 'ಇಸ್ಕಿ' ಪದ್ಧತಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು.

ಆದರೆ ಡಿಟಿಪಿ ಅಂಗಡಿಗಳಲ್ಲಿ ನಡೆದದ್ದು ಬೇರೆ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ಉದಾಹರಣೆಗೆ ಹಳೆಯ ನುಡಿ ಫಾಂಟಿನಲ್ಲಿ 'ಕ' ಅಕ್ಷರದ ಮೈ ಇರುವುದು ಇಂಗ್ಲಿಷ್ 'ಪಿ'ಯ ಮನೆಯಲ್ಲಿ. ತಲೆಕಟ್ಟಿಗೆ ಇನ್ನೊಂದು ಮನೆ. ಆ ಫಾಂಟ್ ಇರುವ ತನಕ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಮನೆಯ ಮೂಲ ಮಾಲೀಕ, ಅಂದರೆ ಇಂಗ್ಲಿಷ್ ಅಕ್ಷರ, ಹೊರಗೆ ಬರುತ್ತದೆ! ನಮ್ಮ ಪ್ರಶ್ನೆಪತ್ರಿಕೆ ಚೆಲ್ಲಾಪಿಲ್ಲಿಯಾಗುವುದು ಹೀಗೆ.

ಹಾಗೆಂದು ಆ ತಂತ್ರಾಂಶಗಳನ್ನು ಹಳಿಯುವಂತಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ (ಕೆ.ಪಿ. ರಾವ್) ಅವರು ಉಚ್ಚಾರಕ್ಕೆ ಹೊಂದುವ ಕೀಲಿಮಣೆ ರೂಪಿಸಿದರು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಹೊರಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಕರ್ನಾಟಕದ ಕಚೇರಿಗಳಿಗೆಲ್ಲ ಹಬ್ಬಿತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದರು. ಇವರೆಲ್ಲ ಇರದಿದ್ದರೆ ನಾವು ಇವತ್ತಿಗೂ ಪ್ರಶ್ನೆಪತ್ರಿಕೆಯನ್ನು ಕೈಯಲ್ಲೇ ಬರೆಯುತ್ತಿದ್ದೆವೋ ಏನೋ.

ಯೂನಿಕೋಡ್ ತಂದ ಬದಲಾವಣೆ

1991ರಲ್ಲಿ ಬಂದ ಯೂನಿಕೋಡ್ ಜಗತ್ತಿನ ಲಿಪಿಗಳಿಗೆ ಬೇರೆ ಬೇರೆ ಓಣಿಯನ್ನೇ ಕೊಟ್ಟಿತು. ಕನ್ನಡದ ಓಣಿಯಲ್ಲಿ 128 ಮನೆಗಳು. 'ಕನ್ನಡ' ಎಂಬ ಪದ ಅದರಲ್ಲಿ ಐದು ನಂಬರುಗಳಾಗಿ ಕೂಡುತ್ತದೆ: ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ. ಒತ್ತಕ್ಷರ ಮಾಡುವುದು ಫಾಂಟಿನ ಕೆಲಸ. ಭಾರತೀಯ ಲಿಪಿಗಳ ಜೋಡಣೆಯನ್ನು ಇಸ್ಕಿಯಿಂದಲೇ ತೆಗೆದುಕೊಂಡದ್ದರಿಂದ ಮರಾಠಿಯ 'ಕ' ತನ್ನ ಓಣಿಯಲ್ಲಿ ಎಷ್ಟನೇ ಮನೆಯಲ್ಲಿದೆಯೋ ಕನ್ನಡದ 'ಕ' ಕೂಡ ತನ್ನ ಓಣಿಯಲ್ಲಿ ಅಷ್ಟನೇ ಮನೆಯಲ್ಲೇ ಇದೆ. ಎರಡು ಭಾಷೆಯ ನಡುವೆ ಬದುಕುವ ನಮಗೆ ಇದು ಖುಷಿಯ ಸಂಗತಿಯಲ್ಲವೆ?

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನೊಡನೆ ಯೂನಿಕೋಡ್ ಕನ್ನಡ ಬಂತು. ಆದರೆ ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಿ, ಸಿಡಿ ಹಾಕಿ ಅದನ್ನು ಎಬ್ಬಿಸಬೇಕಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಇಂದಿನ ಮೊಬೈಲುಗಳಲ್ಲಿ ಕನ್ನಡ ಕಾಣಲು ಏನೂ ಮಾಡಬೇಕಿಲ್ಲ.

ಈಗ ರೋಗ ಪತ್ತೆ ಮಾಡೋಣ

ಡಬ್ಬಿ ಡಬ್ಬಿ ಕಂಡರೆ: ಬಹುತೇಕ ಅದು ಯೂನಿಕೋಡ್ ಬರಹ, ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲ. ಬರಹ ಕೆಟ್ಟಿಲ್ಲ, ಗಾಬರಿ ಬೇಡ. ಒಂದು ಯೂನಿಕೋಡ್ ಫಾಂಟ್ ಹಾಕಿದರೆ ಸಾಕು.

ಇಂಗ್ಲಿಷ್ ಕಲಸುಮೇಲೋಗರ ಕಂಡರೆ: ಅದು ಹಳೆಯ ಪದ್ಧತಿಯ ಬರಹ. ಹಳೆಯ ಫಾಂಟ್ ಹಾಕಿದರೆ ಕಾಣುತ್ತದೆ, ಆದರೆ ಮೊಬೈಲಿಗೆ ಕಳಿಸಿದ ಕೂಡಲೆ ಮತ್ತೆ ಕೆಡುತ್ತದೆ. ಅಂತರ್ಜಾಲದಲ್ಲಿ ಉಚಿತ ಪರಿವರ್ತಕಗಳಿವೆ. ಒಮ್ಮೆ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಾರೆ ತಿದ್ದಿ ಇಟ್ಟುಕೊಳ್ಳಿ.

ಕೊಂಬು, ಗುಣಿಸು ಕಳಚಿಕೊಂಡು ಬೇರೆ ನಿಂತಿದ್ದರೆ: ಬರಹ ಸರಿಯಿದೆ, ತೆರೆದ ತಂತ್ರಾಂಶ ಹಳೆಯದು. ಬೇರೆ ತಂತ್ರಾಂಶದಲ್ಲಿ ತೆರೆಯಿರಿ.

ಮುದ್ರಣಕ್ಕೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡಿ, ಫಾಂಟ್ ಅದರೊಳಗೇ ಕೂತಿರುತ್ತದೆ. ಆದರೆ ಮುಂದಿನ ವರ್ಷ ತಿದ್ದಲು ಮೂಲ ಫೈಲೂ ಬೇಕು.

ನಮ್ಮ ಕಡೆ ಅನೇಕ ಶಿಕ್ಷಕರು ಮರಾಠಿಯನ್ನು ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕಲಿತಿರುತ್ತಾರೆ. ಅವರು ಕನ್ನಡಕ್ಕೆ ಬೇರೆ ಕಲಿಯಬೇಕಿಲ್ಲ. ಕನ್ನಡ ಇನ್‌ಸ್ಕ್ರಿಪ್ಟಿನಲ್ಲೂ 'ಕ' ಅದೇ ಕೀಲಿಯಲ್ಲಿದೆ, 'ತ' ಅದೇ ಕೀಲಿಯಲ್ಲಿದೆ. ಒಂದೇ ವ್ಯತ್ಯಾಸ ನೆನಪಿಡಿ. ಮರಾಠಿಯ ಏತ್ವ, ಓತ್ವದ ಕೀಲಿ ಒತ್ತಿದರೆ ಕನ್ನಡದಲ್ಲಿ ದೀರ್ಘ ಬರುತ್ತದೆ ('ಕೇ', 'ಕೋ'). ಹ್ರಸ್ವ 'ಕೆ' ಬೇಕಾದರೆ ಝಡ್ ಕೀಲಿ, ಹ್ರಸ್ವ 'ಕೊ' ಬೇಕಾದರೆ ಒಂದರ ಅಂಕಿಯ ಎಡಗಡೆಯ ಕೀಲಿ.

ಪುಸ್ತಕದೊಳಗಿನ ಚೌಕ

ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಮೋಟಾರು ಬಿಡಿಭಾಗಗಳ ಲೆಕ್ಕಕ್ಕಾಗಿ ಮಾಡಿತು. ಅದನ್ನು ಪಠ್ಯಪುಸ್ತಕಕ್ಕೆ ತಂದವರಲ್ಲಿ ನಮ್ಮ ನೆರೆಯ ಸೋಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತಸಿಂಹ ಡಿಸಲೆ ಗುರುಗಳ ಹೆಸರು ದೊಡ್ಡದು. ಅವರಿಗೆ 2020ರ ಡಿಸೆಂಬರ್ 3ರಂದು ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಅವರು ಉಳಿದ ಒಂಬತ್ತು ಮಂದಿ ಅಂತಿಮ ಸ್ಪರ್ಧಿಗಳಿಗೆ ಹಂಚಿದರು. ಪ್ರಶಸ್ತಿಯವರು ಕೊಟ್ಟ ಪರಿಚಯದಲ್ಲಿ ಒಂದು ಮಾತು ನಮ್ಮ ಗಮನ ಸೆಳೆಯಿತು: ಅಲ್ಲಿನ ಮಕ್ಕಳ ಮನೆಮಾತು ಕನ್ನಡ, ಪಠ್ಯ ಆ ಭಾಷೆಯಲ್ಲಿ ಇರಲಿಲ್ಲ, ಗುರುಗಳು ಆ ಭಾಷೆ ಕಲಿತು ಪುಸ್ತಕಗಳನ್ನು ಹೊಸದಾಗಿ ರೂಪಿಸಿದರು ಎಂದು. ಜಗತ್ತಿಗೆ ಕಂಡದ್ದು ಕ್ಯೂಆರ್ ಚೌಕ. ನಮಗೆ ಕಂಡದ್ದು ಅದಕ್ಕೂ ಮೊದಲಿನ ಕೆಲಸ, ಮಗುವಿನ ಭಾಷೆ ಕಲಿತದ್ದು. ಎಲ್ಲ ತರಗತಿಗಳ ಪುಸ್ತಕಕ್ಕೂ ಕ್ಯೂಆರ್ ತರುವುದಾಗಿ ಮಹಾರಾಷ್ಟ್ರ 2017ರಲ್ಲಿ ಘೋಷಿಸಿತು. ಅದೇ ವರ್ಷ ಸೆಪ್ಟೆಂಬರ್ 5ರಂದು ಕೇಂದ್ರದ 'ದೀಕ್ಷಾ' ಆರಂಭವಾಯಿತು.

ದೀಕ್ಷಾ ಬಳಸುವಾಗ ಗಡಿಯವರು ಬೋರ್ಡ್ ಬೇರೆ, ಮಾಧ್ಯಮ ಬೇರೆ ಎಂಬುದನ್ನು ಮರೆಯಬಾರದು. ಬೋರ್ಡನ್ನು ಕರ್ನಾಟಕ ಎಂದು ಬದಲಿಸಿದರೆ ಕನ್ನಡದ ಪಾಠಗಳು ಸಿಗುತ್ತವೆ. 2020ರ ಜುಲೈ 20ರಂದು ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದಾಗಲೂ ಹೀಗೆಯೆ. ಈ ಸಲ ಉಪಗ್ರಹದ ಛತ್ರಿ ನಮ್ಮ ಮನೆಯ ಮೇಲೂ ಇತ್ತು, ಆದರೆ ಪಠ್ಯಕ್ರಮ ಕರ್ನಾಟಕದ್ದು. ಗಣಿತ, ವಿಜ್ಞಾನದ ಪರಿಕಲ್ಪನೆಗಳಿಗೆ ಇಂಥ ಪಾಠ ಧಾರಾಳವಾಗಿ ಬಳಸಬಹುದು. ಇತಿಹಾಸ, ನಾಗರಿಕಶಾಸ್ತ್ರಕ್ಕೆ ಮಾತ್ರ ಬಾಲಭಾರತಿಯ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು.

ಯಾಕೆ ಇಷ್ಟೆಲ್ಲ?

1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಎಂಟು ಭಾಷೆಗಳಲ್ಲಿ ಪುಸ್ತಕ ತರುತ್ತದೆ, ಕನ್ನಡವೂ ಅವುಗಳಲ್ಲೊಂದು. ಆದರೆ ಮಾರುಕಟ್ಟೆಯ ಗೈಡು, ಅಭ್ಯಾಸಪುಸ್ತಕ, ಪ್ರಶ್ನೆಸಂಚಯಗಳು ಮರಾಠಿಗೆ ಸಿಕ್ಕಷ್ಟು ಈ ಪಠ್ಯಕ್ರಮದ ಕನ್ನಡ ಮಕ್ಕಳಿಗೆ ಸಿಗುವುದಿಲ್ಲ. ಆ ಕೊರತೆ ತುಂಬುವುದು ಶಿಕ್ಷಕರು ತಾವೇ ಮಾಡಿಕೊಂಡ ಟಿಪ್ಪಣಿಗಳು. ಒಬ್ಬ ಮಾಸ್ತರರು ನಿವೃತ್ತರಾದಾಗ ಅವರ ಇಪ್ಪತ್ತು ವರ್ಷದ ಕೆಲಸ ಯಾರೂ ತೆರೆಯಲಾಗದ ಫಾಂಟಿನಲ್ಲಿ ಉಳಿದರೆ, ನಷ್ಟ ಆಗುವುದು ಮುಂದಿನ ಮಕ್ಕಳಿಗೆ.

ಕೈಬರಹದ ಅಥವಾ ಫಾಂಟ್ ಕೆಟ್ಟ ಟಿಪ್ಪಣಿಗಳಿಗೂ ದಾರಿ ಇದೆ. ಮುದ್ರಿತ ಹಾಳೆಯ ಫೋಟೋವನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳು ತಿದ್ದಬಹುದಾದ ಬರಹವಾಗಿ ಬರುತ್ತವೆ. ಬೆಳಕು ಸಮನಾಗಿರಲಿ, ಹಾಳೆ ಮಡಿಕೆ ಇಲ್ಲದಿರಲಿ. ಕೈಬರಹವಾದರೆ ಓದಿ ಹೇಳಿ: 2017ರಿಂದ ಗೂಗಲಿನ ಧ್ವನಿ ಟೈಪಿಂಗ್‌ನಲ್ಲಿ ಕನ್ನಡವೂ ಇದೆ. ನಮ್ಮ ಗಡಿಭಾಗದ ಮಾತಿಗೆ ಅದು ಕೆಲವೊಮ್ಮೆ ಎಡವುತ್ತದೆ, ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಓದಿದರೆ ಕೆಲಸ ಆಗುತ್ತದೆ.

ಈ ದೀಪಾವಳಿ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಹಳೆಯ ಫೈಲುಗಳಲ್ಲಿ ಹತ್ತನ್ನಾದರೂ ಯೂನಿಕೋಡಿಗೆ ಬದಲಿಸಿ, ತರಗತಿ, ವಿಷಯ, ವರ್ಷ ಹೆಸರಿನಲ್ಲೇ ಬರೆದು, ಇನ್ನೊಬ್ಬ ಶಿಕ್ಷಕರಿಗೆ ಒಂದು ಪ್ರತಿ ಕೊಡೋಣ. ಎರಡು ಕಡೆ ಇದ್ದ ಫೈಲು ಸುಲಭಕ್ಕೆ ಕಳೆಯುವುದಿಲ್ಲ.