ಹೊಸ್ತಿಲು ದಾಟಿದ ಹಾದಿ

ಮೇ 31ರಂದು ನಾವು ಮಾತೆ ಮರಿಯಮ್ಮನವರ ಸಂದರ್ಶನದ ಹಬ್ಬವನ್ನು ಆಚರಿಸುತ್ತೇವೆ. ನಜರೇತಿನ ಎಳೆಯ ಹೆಣ್ಣುಮಗಳು ಯೂದಾಯದ ಗುಡ್ಡಗಾಡಿನಲ್ಲಿದ್ದ ಎಲಿಜಬೇತಮ್ಮನವರನ್ನು ಕಾಣಲು ಹೊರಟ ಸಂಗತಿಯನ್ನು ಸಂತ ಲೂಕರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿ. ಜೊತೆಗೆ ಯಾರಿದ್ದರೆಂದು ಅವರು ಬರೆದಿಲ್ಲ. ಆ ಹಾದಿಯ ಕೊನೆಯಲ್ಲಿ ಮರಿಯಮ್ಮನವರ ಬಾಯಿಂದ ಹೊಮ್ಮಿದ ಸ್ತುತಿಗೀತೆ ಇಂದಿಗೂ ಧರ್ಮಸಭೆಯ ಸಂಜೆಯ ಪ್ರಾರ್ಥನೆಯಲ್ಲಿದೆ. ಅದು ನಡೆದು ಬಂದವಳ ಹಾಡು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕಪಿಲೆ ಹರಿಯುವ ನಮ್ಮ ನಂಜನಗೂಡು, ಅವಳು ಕಾವೇರಿಯನ್ನು ಕೂಡುವ ತಿ. ನರಸೀಪುರ, ಈ ಸೀಮೆಯ ಹೆಣ್ಣುಮಕ್ಕಳು ಯಾವಾಗ, ಯಾವ ನೆವದಲ್ಲಿ ಹೀಗೆ ನಡೆದರು? ಹುಡುಕಹೊರಟರೆ ಮೊದಲು ಸಿಗುವುದು ಕೂಡಿಹಾಕಲ್ಪಟ್ಟವಳ ಕಥೆ. ಇಲ್ಲಿ ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬ ಭಾಗವಿದೆ. ಗಂಡ ನೀಲೇಗೌಡ ಜೇನು ತರಲು ಕಾಡಿಗೆ ಹೊರಡುತ್ತಾನೆ. ತಾನಿಲ್ಲದಾಗ ಶೀಲ ಕಾಪಾಡಿಕೊಳ್ಳುವುದಾಗಿ ಹೆಂಡತಿ ಭಾಷೆ ಕೊಡಬೇಕು ಎಂದು ಹಟ ಹಿಡಿಯುತ್ತಾನೆ. ಸಂಕಮ್ಮ ಒಲ್ಲೆ ಎನ್ನುತ್ತಾಳೆ. ಅವಳನ್ನು ಹಿಂಸಿಸಿ, ಗುಡಿಸಲಲ್ಲಿ ಬಂಧಿಸಿಟ್ಟು ಅವನು ಹೋಗಿಬಿಡುತ್ತಾನೆ. ಕೊನೆಗೆ ಮಾದಪ್ಪನೇ ಬಂದು ಬಿಡಿಸಬೇಕಾಯಿತು.

ಯಾರೂ ಬಂದು ಬಿಡಿಸಲೆಂದು ಕಾಯದೆ ತಾನೇ ಹೊರಟವಳನ್ನು ಕಾಣಲು ನಮ್ಮ ಜಿಲ್ಲೆಯಾಚೆಗೆ, 12ನೇ ಶತಮಾನಕ್ಕೆ ಹೋಗಬೇಕು. ಶಿವಮೊಗ್ಗ ಸೀಮೆಯ ಉಡುತಡಿಯ ಮಹಾದೇವಿ ಅವಳು, ನಾಡಿಗೆಲ್ಲ ಅಕ್ಕ. ಅರಸ ಕೌಶಿಕನೊಡನೆ ಅವಳ ಮದುವೆ ಆಯಿತೆಂದು ಹರಿಹರ ಕವಿ ಹೇಳುತ್ತಾನೆ, ಚಾಮರಸ ಒಪ್ಪುವುದಿಲ್ಲ. ಅರಮನೆಯನ್ನೂ ಉಡುಗೆಯನ್ನೂ ತೊರೆದು ಹೊರನಡೆದಳೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಶೂನ್ಯಸಂಪಾದನೆ ಹೇಳುವಂತೆ ಅವಳು ಕಲ್ಯಾಣಕ್ಕೆ ಬಂದಳು. ನೇರ ಗೆರೆ ಎಳೆದರೂ 400 ಕಿಲೋಮೀಟರಿಗೆ ಕಡಿಮೆಯಿಲ್ಲದ ದೂರ. ಅಲ್ಲಿ ಅಲ್ಲಮಪ್ರಭುಗಳ ಮೊನಚಾದ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಮತ್ತೆ ಹೊರಟು ನಲ್ಲಮಲ ಕಾಡಿನ ಶ್ರೀಶೈಲಕ್ಕೆ, ಕದಳಿಯ ಬನಕ್ಕೆ ನಡೆದಳು.

ಅವಳ ವಚನಗಳನ್ನು ಓದುವಾಗ ಕಾಲಿಗೆ ಮಣ್ಣು ಮೆತ್ತಿದಂತಾಗುತ್ತದೆ. ಹಸಿದರೆ ಏನು, ಬಾಯಾರಿದರೆ ಎಲ್ಲಿ, ರಾತ್ರಿ ಮಲಗುವುದೆಲ್ಲಿ ಎಂಬ ದಾರಿಹೋಕರ ಲೆಕ್ಕಾಚಾರ ಅಲ್ಲಿದೆ. ಗಿಳಿ, ಕೋಗಿಲೆ, ದುಂಬಿಗಳನ್ನು ಕರೆದು ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವು ಕೇಳುತ್ತಾಳೆ. ಅರಮನೆಯ ಕಿಟಕಿಯಲ್ಲಿ ಕುಳಿತಿದ್ದರೆ ಈ ಮಾತುಗಳು ಹುಟ್ಟುತ್ತಿರಲಿಲ್ಲ ಎಂದೇ ನಮ್ಮ ಅನಿಸಿಕೆ. ರೂಪ ಕಂಡು ಬೆನ್ನುಹತ್ತಿದ ಗಂಡಸರನ್ನು ‘ಅಣ್ಣ’ ಎಂದು ಕರೆದು ದೂರ ನಿಲ್ಲಿಸಿದ್ದೂ ಅವೇ ವಚನಗಳಲ್ಲಿದೆ. ದಾರಿಯ ಭಯ ಅಂದೂ ಸುಳ್ಳಾಗಿರಲಿಲ್ಲ. ಮಗಳು ಹೊರಟರೆ ‘ಜೊತೆಗೆ ಯಾರು?’ ಎಂದು ನಮ್ಮ ಮನೆಗಳಲ್ಲಿ ಮೊದಲು ಕೇಳುವುದು ಆ ಭಯದಿಂದಲೇ. ಕೇಳುವುದು ತಪ್ಪಲ್ಲ; ಉತ್ತರ ಸಿಗುವ ಮೊದಲೇ ಬಾಗಿಲಿಗೆ ಅಗುಳಿ ಹಾಕುತ್ತೇವಲ್ಲ, ಅದನ್ನು ಯೋಚಿಸಬೇಕು.

ನಮ್ಮ ಸೀಮೆಯ ಹೆಂಗಸರಿಗೆ ಬಾಗಿಲು ತೆರೆದದ್ದು ಹರಕೆ. ದೇವರ ಹೆಸರು ಹೇಳಿದರೆ ಅತ್ತೆ ಮಾವ ಇಲ್ಲವೆನ್ನುವುದು ಕಷ್ಟ! ಡೋರ್ನಹಳ್ಳಿಯ ಸಂತ ಅಂತೋಣಿಯವರಲ್ಲಿಗೆ ನಡೆದುಹೋದ ಅಜ್ಜಿಯಂದಿರು ನಮ್ಮ ಕುಟುಂಬಗಳಲ್ಲೂ ಇದ್ದರು. ಮಾದಪ್ಪನ ಒಕ್ಕಲಿನವರಿಗೆ ಶಿವರಾತ್ರಿ, ದೀಪಾವಳಿಗೆ ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟದಿಂದ ಮೇಲಕ್ಕೆ ಕಾಡುದಾರಿ. ನಡೆಯುತ್ತ ಪದ ಹೇಳುತ್ತಾರೆ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಸೇರಿಸುತ್ತಾರೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಹೋಗಿಬರುವುದು ಸಲೀಸಾಯಿತು. ಆದರೆ ಬಸ್ಸಿನ ಗದ್ದಲದಲ್ಲಿ ಪದ ಎತ್ತುವುದು ಹೇಗೆ?

ಆ ಬೆಟ್ಟದಲ್ಲಿ ದೀಪಾವಳಿಗೆ ಹಾಲರವೆ ಉತ್ಸವ ನಡೆಯುತ್ತದೆ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಲ್ಲಿ ನೀರು ತುಂಬಿಕೊಂಡು, ತಲೆಯ ಮೇಲೆ ಹೊತ್ತು, ಕಾಡುಹಾದಿಯಲ್ಲಿ ದೇವಸ್ಥಾನದವರೆಗೆ ನಡೆದು ಬರುತ್ತಾರೆ. ಸೇರಿದ ಜನ ಅವರಿಗೆ ದಾರಿ ಬಿಡುತ್ತಾರೆ.