ಉದ್ದಕ್ಕೆ ಹೋಗುವ ಮಾರ್ಗ, ಅಡ್ಡಕ್ಕೆ ಹೋಗುವ ಜನ

ನಮ್ಮ ಕಾಸರಗೋಡು ಸೀಮೆಯ ನಕ್ಷೆ ನೋಡಿದರೆ ಹೊಳೆಗಳೆಲ್ಲ ಮೂಡಣ ಗುಡ್ಡೆಗಳಿಂದ ಪಡುವಣ ಕಡಲಿಗೆ ಅಡ್ಡಕ್ಕೆ ಹರಿಯುವುದು ಕಾಣುತ್ತದೆ. ಮಂಜೇಶ್ವರ ಹೊಳೆ, ಉಪ್ಪಳ ಹೊಳೆ, ಶಿರಿಯ, ಮೊಗ್ರಾಲ್, ಚಂದ್ರಗಿರಿ. ದೊಡ್ಡ ಮಾರ್ಗ ಮಾತ್ರ ತೆಂಕು-ಬಡಗಾಗಿ ಉದ್ದಕ್ಕೆ ಹೋಗುತ್ತದೆ. ಜನರ ದಿನನಿತ್ಯದ ಓಡಾಟ ಹೊಳೆಯ ಹಾಗೆ, ಅಡ್ಡಕ್ಕೆ. ಕಡಲ ಬದಿಯಿಂದ ಮೀನಿನ ಬುಟ್ಟಿ ಮೂಡಕ್ಕೆ ಹೋಗಬೇಕು, ಮೂಡಿನಿಂದ ಅಡಿಕೆ, ತೆಂಗಿನಕಾಯಿ, ಬಾಳೆಗೊನೆ ಪೇಟೆಗೆ ಇಳಿಯಬೇಕು. ಈ ಉದ್ದ-ಅಡ್ಡದ ಲೆಕ್ಕ ಹಿಡಿದು ನೋಡಿದರೆ ನಮ್ಮ ಮಾರ್ಗದ ಚರಿತ್ರೆ ಚೆನ್ನಾಗಿ ತಿಳಿಯುತ್ತದೆ.

ಟಿಪ್ಪು ಬಿದ್ದ ಮೇಲೆ, 1799ರಲ್ಲಿ, ಕನ್ನಡ ಜಿಲ್ಲೆ ಕಂಪೆನಿಯವರ ಕೈಗೆ ಹೋಯಿತು. 1801ರ ಆರಂಭದಲ್ಲಿ ಬುಕನನ್ ಎಂಬ ವೈದ್ಯ ಮಲಬಾರಿನಿಂದ ಬೇಕಲ, ಕಾಸರಗೋಡು, ಕುಂಬಳೆ, ಮಂಜೇಶ್ವರ ದಾಟಿ ಮಂಗಳೂರಿಗೆ ಹೋದ. ಆಗ ಉದ್ದಕ್ಕೆ ಹೋಗುವುದೇ ಕಷ್ಟ. ಪ್ರತಿ ಹೊಳೆಗೂ ಕಡವು, ದೋಣಿಗಾಗಿ ಕಾಯುವುದು. ಮಳೆಗಾಲದಲ್ಲಿ ನೆರೆ ಇಳಿಯುವ ತನಕ ಈಚೆ ದಡದಲ್ಲೇ ಕೂತಿರಬೇಕು. ಕಡವಿನವನಿಗೆ ಬೆಳೆ ಆದಾಗ ಭತ್ತ ಅಳೆದು ಕೊಡುವ ಕ್ರಮ ಇತ್ತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಮಾರ್ಗವನ್ನು ಅಡ್ಡ ದಾಟಲಿಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ. ಬೈಲಿನ ಕಟ್ಟಪುಣಿಯಲ್ಲಿ ನಡೆದು, ತೋಡಿನ ಸಂಕ ದಾಟಿ, ಮಾರ್ಗಕ್ಕೆ ಹತ್ತಿ ಆಚೆ ಇಳಿದರೆ ಆಯಿತು.

1907ರಲ್ಲಿ ರೈಲು ಮಂಗಳೂರಿಗೆ ಮುಟ್ಟಿತು. ಉದ್ದಕ್ಕೆ ಹೋಗುವವನಿಗೆ ಹೊಳೆಯ ಭಯ ಕಡಿಮೆ ಆಯಿತು. ಅಡ್ಡಕ್ಕೆ ಹೋಗುವವನಿಗೆ ಮೊದಲನೇ ತಡೆ ಬಂದದ್ದೂ ಆಗಲೇ. ಆದರೆ ರೈಲಿನವರು ದೊಡ್ಡ ದಾರಿ ಇದ್ದಲ್ಲಿ ಗೇಟು ಇಟ್ಟರು, ಗೇಟಿಗೆ ಒಬ್ಬ ಮನುಷ್ಯನನ್ನೂ ಇಟ್ಟರು. ಅಡ್ಡ ಹೋಗುವವರು ಇದ್ದಾರೆ ಅಂತ ಒಪ್ಪಿಕೊಂಡ ಹಾಗೆ ಅದು.

ಆಮೇಲೆ ಬಸ್ಸು ಬಂತು, ಸೇತುವೆಗಳು ಆದವು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ರಾಜ್ಯ ಬೇರೆಯಾದರೂ ಆಸ್ಪತ್ರೆ, ಕಾಲೇಜು, ಜವುಳಿ ಎಲ್ಲದಕ್ಕೂ ಮಂಗಳೂರೇ. ಎರಡೂ ರಾಜ್ಯದ ಸರಕಾರಿ ಬಸ್ಸು ಇವತ್ತಿಗೂ ಈ ಮಾರ್ಗದಲ್ಲಿ ಓಡುತ್ತವೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳ ಮನೆಯವರು ಪಟ್ಟ ಪಾಡು ನಮಗೆಲ್ಲ ನೆನಪುಂಟು. ಆದ್ದರಿಂದ ಉದ್ದದ ಮಾರ್ಗ ಬೇಡ ಅಂತ ನಾನು ಹೇಳುವುದಿಲ್ಲ. ಅದು ನಮ್ಮ ಜೀವನಾಡಿ.

ನನ್ನ ಬಾಲ್ಯದಲ್ಲಿ ಇದು ನ್ಯಾಷನಲ್ ಹೈವೇ 17. ಹೆಸರು ದೊಡ್ಡದು, ಮಾರ್ಗ ಸಣ್ಣದು. ಎದುರಿನಿಂದ ಲಾರಿ ಬಂದರೆ ಸೈಕಲಿನವ ಮಣ್ಣಿಗೆ ಇಳಿಯಬೇಕು. ಗಂಟೆ ಲೆಕ್ಕದ ಬಾಡಿಗೆ ಸೈಕಲಿನಲ್ಲಿ ನಾವು ಭಜನೆಗೆ, ಪಾಡ್ದನದ ಕೂಟಕ್ಕೆ ಹೋದದ್ದು ಅದೇ ಮಾರ್ಗದಲ್ಲಿ. ಬೀಡಿ ಕಟ್ಟುವ ಹೆಂಗಸರು ಬ್ರಾಂಚಿಗೆ ಸಾಲಾಗಿ ನಡೆಯುತ್ತಿದ್ದದ್ದೂ ಅದೇ ಅಂಚಿನಲ್ಲಿ. 2010ರಲ್ಲಿ ನಂಬ್ರ 66 ಆಯಿತು. ಅಷ್ಟು ಹೊತ್ತಿಗೆ ವಾಹನ ತುಂಬಿ ನಡೆಯುವವನಿಗೆ ಆ ಅಂಚೂ ಉಳಿದಿರಲಿಲ್ಲ. ಅಗಲ ಮಾಡುವುದು ಅಗತ್ಯವೇ ಇತ್ತು.

2021ರಲ್ಲಿ ತಲಪಾಡಿಯಿಂದ ಚೆಂಗಳ ತನಕ 39 ಕಿಲೋಮೀಟರ್ ಆರು ಪಥದ ಕೆಲಸ ಶುರುವಾಯಿತು. ಕೇರಳದಲ್ಲಿ ಜಾಗ ದುಬಾರಿ, ಮನೆಗಳು ಒತ್ತೊತ್ತು. ಅದಕ್ಕೆ ಮಾರ್ಗದ ಅಗಲ 45 ಮೀಟರಿಗೆ ನಿಂತಿತು. ಜಾಗದ ಖರ್ಚಿನಲ್ಲಿ ನೂರಕ್ಕೆ 25 ಪಾಲು ರಾಜ್ಯ ಸರಕಾರ ಹೊತ್ತಿತು. ನಡುವೆ ಆರು ಪಥ, ಎರಡು ಬದಿಗೆ ಸರ್ವೀಸ್ ರೋಡು, ಅದರ ಬದಿಗೆ ಚರಂಡಿ. ಹಲವು ಕಡೆ ಮಣ್ಣು ತುಂಬಿಸಿ ಎತ್ತರ ಮಾಡಿ ಗೋಡೆ ಕಟ್ಟಿದರು. ಕಾಸರಗೋಡು ಪೇಟೆಯಲ್ಲಿ ಒಂದೇ ಸಾಲು ಕಂಬದ ಮೇಲೆ ಮೇಲ್ಸೇತುವೆ ಎದ್ದಿತು. ಅದರ ಅಡಿಯಲ್ಲಿ ಪೇಟೆಯ ಎರಡು ಬದಿ ಒಂದಾಗಿಯೇ ಉಳಿಯಿತು. ಮಣ್ಣು ತುಂಬಿಸಿದ ಊರುಗಳಿಗೆ ಆ ಭಾಗ್ಯ ಇಲ್ಲ.

ಈಗ ಹೊಳೆ ದಾಟಲಿಕ್ಕೆ ಒಂದು ನಿಮಿಷ ಸಾಕು. ಮಾರ್ಗ ದಾಟಲಿಕ್ಕೆ ಅರ್ಧ ಗಂಟೆ. ಮೊದಲು ಹೊಳೆ ಇದ್ದ ಜಾಗದಲ್ಲಿ ಈಗ ಮಾರ್ಗವೇ ಹೊಳೆಯಾಗಿದೆ. ಅದರ ಕಡವು ಅಂದರೆ ಅಂಡರ್‌ಪಾಸ್. ಕಡವು ಎಲ್ಲಿ ಅಂತ ಹಿಂದಿನವರು ಜನ ಸೇರುವ ಜಾಗ ನೋಡಿ ನಿಶ್ಚಯ ಮಾಡುತ್ತಿದ್ದರು. ಈಗ ನಿಶ್ಚಯ ಮಾಡುವುದು ವಾಹನದ ಲೆಕ್ಕ ನೋಡಿ. ಶಾಲೆಯ ಮಕ್ಕಳು, ಮೀನಿನವರು, ಮಸೀದಿ-ದೇವಸ್ಥಾನಕ್ಕೆ ಹೋಗುವ ಪ್ರಾಯದವರು ಆ ಲೆಕ್ಕದಲ್ಲಿ ಹಿಂದೆ ಬೀಳುತ್ತಾರೆ. ಮಂಗಳೂರಿನಿಂದ ಬಂದ ಬಸ್ಸು ಮೂಡು ಬದಿಯಲ್ಲಿ ಇಳಿಸಿದರೆ ಪಡು ಬದಿಯ ಮನೆಯವರು ಸುತ್ತು ಹಾಕಬೇಕು. ಕಾಲು ಸಂಕ ಕಟ್ಟಿದರೂ ಮಂಡಿ ನೋವಿನ ಅಜ್ಜಿ ಮೆಟ್ಟಲು ಹತ್ತುವುದು ಹೇಗೆ? ಸೈಕಲ್ ಹೊತ್ತುಕೊಂಡು ಹೋಗಬೇಕೇ?

ಇದರ ಮೂಲ ಕಾನೂನಿನ ಕ್ರಮದಲ್ಲೂ ಉಂಟು. ಹೈವೇಗೆ ಜಾಗ ತೆಗೆಯುವಾಗ ಪ್ರಕಟಣೆ ಆದ ಮೇಲೆ ಆ ಜಾಗದಲ್ಲಿ ಹಕ್ಕು ಇದ್ದವರು ಆಕ್ಷೇಪ ಹೇಳಲಿಕ್ಕೆ 21 ದಿವಸ ಕೊಡುತ್ತಾರೆ. ದಾಟುವವನ ಜಾಗ ಹೋಗುವುದಿಲ್ಲ. ಹೋಗುವುದು ಅವನ ದಾರಿ. ಅದಕ್ಕೆ ಅವನಿಗೆ ನೋಟೀಸೂ ಇಲ್ಲ, ಪರಿಹಾರವೂ ಇಲ್ಲ. ಗೋಡೆ ಎದ್ದ ಮೇಲೆ ಅವನಿಗೆ ಗೊತ್ತಾಗುತ್ತದೆ. ಆಗ ಕ್ರಿಯಾ ಸಮಿತಿ ಮಾಡಿ ಚಪ್ಪರ ಹಾಕಿ ಕೂತರೆ, ಪ್ಲಾನಿನಲ್ಲಿ ಇಲ್ಲ ಅಂತ ಉತ್ತರ ಬರುತ್ತದೆ.

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಹೈವೇಯ ವಾಹನ ಇನ್ನು ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳ ಮಾರ್ಗಗಳಿಗೆ ನುಗ್ಗುತ್ತದೆ. ಅವೂ ಅಗಲವಾಗಬೇಕಾದೀತು. ಪ್ಲಾನು ಕಾಗದದಲ್ಲಿ ಇರುವಾಗಲೇ ಮಾತಾಡಬೇಕು. ನಮ್ಮ ಮಾಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ದೊಡ್ಡ ಮಕ್ಕಳನ್ನು ಮಾರ್ಗದಿಂದ ದೂರ, ಸುರಕ್ಷಿತ ಜಾಗದಲ್ಲಿ ಕೂರಿಸಿ ಒಂದು ವಾರ ಬೆಳಿಗ್ಗೆ ಸಂಜೆ ಲೆಕ್ಕ ಬರೆಯಿಸಿ: ಎಷ್ಟು ಜನ ನಡೆದು ದಾಟಿದರು, ಸೈಕಲ್ ಎಷ್ಟು, ಯಾವ ಬದಿಯಲ್ಲಿ ಬಸ್ಸಿಗೆ ಕಾಯುವವರು ಎಷ್ಟು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ನಿರ್ಣಯ ಮಾಡಿಸಿ, ಇಂಜಿನಿಯರರಿಗೆ ಕೊಟ್ಟು ರಶೀದಿ ತೆಗೆದುಕೊಳ್ಳುವ. ದಾಟುವ ಜಾಗ ಇಂಥಲ್ಲಿ, ಬಸ್ ತಂಗುದಾಣ ಅದರ ಹತ್ತಿರವೇ, ಚರಂಡಿಯ ಚಪ್ಪಡಿ ನಡೆಯುವಷ್ಟು ಸಮ, ರಾತ್ರಿಗೆ ದೀಪ. ಈ ನಾಲ್ಕನ್ನು ಬರೆದು ಕೇಳುವ. ವಾಹನದ ಲೆಕ್ಕ ಅವರಲ್ಲಿ ಉಂಟು. ಕಾಲಿನ ಲೆಕ್ಕ ನಾವೇ ಕೊಡಬೇಕು.