ಪೋಸ್ಟ್ ಬಾಕ್ಸ್ 1663: ಗುಡ್ಡದ ಮೇಲಿನ ಊರು, ಗುಡ್ಡದ ಕೆಳಗಿನ ಜನ

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಒಂದು ಗುಡ್ಡದ ಮೇಲೆ ಹುಟ್ಟಿದ ಮಕ್ಕಳ ಜನನ ಪತ್ರದಲ್ಲಿ ಊರಿನ ಹೆಸರೇ ಇರಲಿಲ್ಲ. ಹುಟ್ಟಿದ ಸ್ಥಳ ಅನ್ನುವ ಕಡೆ ಬರೆದದ್ದು ಇಷ್ಟೇ: ಪೋಸ್ಟ್ ಬಾಕ್ಸ್ 1663, ಸಾಂಟಾ ಫೆ. ಪೋಸ್ಟ್ ಬಾಕ್ಸಿನಲ್ಲಿ ಮಗು ಹುಟ್ಟುವುದು ಹೇಗೆ ಅಂತ ಕೇಳಬೇಡಿ, ಸರ್ಕಾರಿ ಕಾಗದ ಹೇಳಿದ ಮೇಲೆ ಮುಗಿಯಿತು! ಆ ಊರಿನವರ ಡ್ರೈವಿಂಗ್ ಲೈಸೆನ್ಸಿನಲ್ಲಿ ಹೆಸರಿನ ಬದಲು ನಂಬರ್ ಇರುತ್ತಿತ್ತು. ಅವರು ಬರೆದ ಪತ್ರಗಳನ್ನು ಇನ್ಯಾರೋ ಓದಿ ಆಮೇಲೆ ಅಂಚೆಗೆ ಹಾಕುತ್ತಿದ್ದರು. ಅದೇ ಲಾಸ್ ಅಲಮೋಸ್, ಮೊದಲ ಅಣುಬಾಂಬು ತಯಾರಾದ ಪ್ರಯೋಗಾಲಯದ ಊರು.

ನಾವು ಭಾರತೀಯರು ಲಾಸ್ ಅಲಮೋಸ್ ಅಂದ ಕೂಡಲೇ ಓಪನ್‌ಹೈಮರ್, ಭಗವದ್ಗೀತೆ ಅಂತ ಶುರು ಮಾಡಿ ಅಲ್ಲಿಗೇ ಮುಗಿಸಿಬಿಡುತ್ತೇವೆ. 2023ರಲ್ಲಿ ಸಿನೆಮಾ ಬಂದ ಮೇಲಂತೂ ಕೇಳುವುದೇ ಬೇಡ. ಆ ಸಿನೆಮಾದಲ್ಲಿ ಬಯಲು ಗುಡ್ಡದ ಮೇಲೆ ದಿಢೀರನೆ ಮನೆಗಳು ಏಳುತ್ತವೆ. ಚಂದವಾಗಿಯೇ ಇದೆ. ಆದರೆ ಅಲ್ಲಿ ಅದಕ್ಕೂ ಮುಂಚೆ ಹುರುಳಿಕಾಯಿ ಜಾತಿಯ ಪಿಂಟೋ ಕಾಳು ಬೆಳೆಯುತ್ತಿದ್ದ ರೈತರು ಸಿನೆಮಾದಲ್ಲಿ ಇಲ್ಲ. ನನಗೆ ಹೇಳಬೇಕಾದ್ದು ಅವರ ಕಥೆ.

ಈ ಗುಡ್ಡದ ಹೆಸರು ಪಹರಿಟೋ, ಸ್ಪ್ಯಾನಿಷಿನಲ್ಲಿ ಪುಟ್ಟ ಹಕ್ಕಿ ಅಂತ ಅರ್ಥ. ಸಮುದ್ರಮಟ್ಟದಿಂದ ಸುಮಾರು 7,300 ಅಡಿ ಎತ್ತರದಲ್ಲಿ ಬೆರಳುಗಳಂತೆ ಚಾಚಿಕೊಂಡ ದಿಣ್ಣೆಗಳು, ನಡುನಡುವೆ ಆಳವಾದ ಕಣಿವೆಗಳು. ಕೆಳಗೆ ರಿಯೋ ಗ್ರಾಂಡೆ ನದಿ. ಆ ನದಿಯ ದಡದಲ್ಲಿರುವ ಸಾನ್ ಇಲ್ಡೆಫೋನ್ಸೋ ಎಂಬ ಪ್ವೆಬ್ಲೋ ಆದಿವಾಸಿ ಊರಿನವರ ಪೂರ್ವಿಕರು ಈ ದಿಣ್ಣೆಗಳ ಮೇಲೆಯೇ ಬಾಳಿದ್ದವರು. ಅವರ ಪೂಜೆಯ ತಾಣಗಳು ಇಂದಿಗೂ ಅಲ್ಲಿವೆ. ಮುಂದೆ ಕಣಿವೆಯ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು, 'ಉಳುಮೆ ಮಾಡಿ ಮನೆ ಕಟ್ಟಿಕೊಂಡವರಿಗೆ 160 ಎಕರೆ' ಎಂಬ 1862ರ ಕಾಯಿದೆಯಡಿ ಗುಡ್ಡದ ಮೇಲೆ ಜಮೀನು ಮಾಡಿಕೊಂಡವು. ಬೇಸಿಗೆಯಲ್ಲಿ ಮೇಲೆ ಹೋಗಿ ಬೇಸಾಯ, ಚಳಿಗಾಲಕ್ಕೆ ಕೆಳಗಿನ ಊರಿಗೆ ವಾಪಸು. ಇವರ ಜೊತೆಗೆ 1917ರಲ್ಲಿ ಶ್ರೀಮಂತರ ಮಕ್ಕಳಿಗಾಗಿ ಶುರುವಾದ ಒಂದು ವಸತಿ ಶಾಲೆಯೂ ಅಲ್ಲಿತ್ತು.

1942ರ ನವೆಂಬರ್ 16ರಂದು ಜನರಲ್ ಗ್ರೋವ್ಸ್ ಮತ್ತು ಓಪನ್‌ಹೈಮರ್ ಮೊದಲು ಹೇಮೆಸ್ ಕಣಿವೆ ನೋಡಿದರು. ಅದು ಇಕ್ಕಟ್ಟಾಯಿತು. ಅಲ್ಲಿಂದ ಈ ಶಾಲೆಗೆ ಬಂದರು. ಓಪನ್‌ಹೈಮರ್‌ಗೆ ಈ ಸೀಮೆ ಚಿಕ್ಕ ವಯಸ್ಸಿನಿಂದ ಪರಿಚಯ. ಜಾಗ ಒಪ್ಪಿಗೆಯಾಯಿತು. ಯೋಜನೆಗೆ ತೆಗೆದುಕೊಂಡ ಸುಮಾರು 54,000 ಎಕರೆಯಲ್ಲಿ ಹೆಚ್ಚಿನದು ಸರ್ಕಾರಿ ಅರಣ್ಯ. ಉಳಿದದ್ದು ಶಾಲೆಯದು, ರೈತರದು. ಶಾಲೆ 1943ರ ಜನವರಿಯಲ್ಲಿ ತನ್ನ ಕೊನೆಯ ಹುಡುಗರಿಗೆ ಪದವಿ ಕೊಟ್ಟು ಬಾಗಿಲು ಹಾಕಿತು. ರೈತರಿಗೆ ಬಂದದ್ದು ಇಂಗ್ಲಿಷಿನ ನೋಟಿಸು. ಓದಲು ಬಾರದವರೇ ಅವರಲ್ಲಿ ಬಹಳ ಜನ. ಯುದ್ಧಕಾಲ, ಯಾಕೆ ಅಂತ ಕೇಳುವ ಹಾಗಿಲ್ಲ. ಎಕರೆ ಲೆಕ್ಕದಲ್ಲಿ ಅವರಿಗೆ ಸಿಕ್ಕ ಪರಿಹಾರ ಶಾಲೆಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಪಟ್ಟು ಕಡಿಮೆ. (ವಕೀಲರನ್ನು ಇಟ್ಟುಕೊಳ್ಳಬಲ್ಲವನಿಗೂ ಇಟ್ಟುಕೊಳ್ಳಲಾಗದವನಿಗೂ ಇರುವ ವ್ಯತ್ಯಾಸ ಯಾವ ದೇಶದಲ್ಲಾದರೂ ಇಷ್ಟೇ ಅಂತ ಕಾಣುತ್ತೆ.)

ಕೆಲವು ನೂರು ಜನಕ್ಕೆ ಅಂತ ಶುರುವಾದ ಊರು ಯುದ್ಧ ಮುಗಿಯುವಷ್ಟರಲ್ಲಿ ಐದು ಸಾವಿರ ದಾಟಿತ್ತು. ಬಂದವರೆಲ್ಲ ಹರೆಯದವರು, ಹಾಗಾಗಿ ಮಕ್ಕಳೂ ಜಾಸ್ತಿ. ಹೆರಿಗೆ ಆಸ್ಪತ್ರೆಯ ಖರ್ಚು ನೋಡಿ ಜನರಲ್ ಗ್ರೋವ್ಸ್ ಗೊಣಗಾಡಿದ್ದು ಪ್ರಸಿದ್ಧ! ಶಾಲೆಯ ಮೇಷ್ಟ್ರುಗಳಿದ್ದ ಹಳೇ ಮನೆಗಳಲ್ಲಿ ಮಾತ್ರ ಬಾತ್‌ಟಬ್ ಇತ್ತು. ಅವು ದೊಡ್ಡ ಹುದ್ದೆಯವರಿಗೆ ಹೋದವು, ಬೀದಿಗೆ 'ಬಾತ್‌ಟಬ್ ರೋ' ಅಂತಲೇ ಹೆಸರು ಬಿತ್ತು. ಉಳಿದವರು ಅವಸರದಲ್ಲಿ ಕಟ್ಟಿದ ಕ್ವಾರ್ಟರ್ಸ್‌ಗಳಲ್ಲಿ. 1945ರ ಡಿಸೆಂಬರಿನಲ್ಲಿ ಪೈಪುಗಳು ಹೆಪ್ಪುಗಟ್ಟಿ, ನದಿಯಿಂದ ಲಾರಿಯಲ್ಲಿ ನೀರು ತರಿಸಬೇಕಾಯಿತು.

ಇಷ್ಟು ಜನರ ಮನೆಗೆಲಸ ಮಾಡಿದವರು ಯಾರು? ಪ್ರತಿದಿನ ಬೆಳಿಗ್ಗೆ ಸೇನೆಯ ಬಸ್ಸುಗಳು ಪ್ವೆಬ್ಲೋ ಊರುಗಳಿಂದ, ಕಣಿವೆಯ ಹಳ್ಳಿಗಳಿಂದ ಹೆಂಗಸರನ್ನು ಹತ್ತಿಸಿಕೊಂಡು ಗುಡ್ಡಕ್ಕೆ ತರುತ್ತಿದ್ದವು. ಯಾವ ಮನೆಗೆ ವಾರಕ್ಕೆ ಎಷ್ಟು ಅರ್ಧ ದಿನ ಕೆಲಸದವಳು ಎಂಬುದನ್ನು ಹೌಸಿಂಗ್ ಆಫೀಸು ತೀರ್ಮಾನಿಸುತ್ತಿತ್ತು. ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿಯರಿಗೆ, ಕಾಯಿಲೆಯವರಿಗೆ, ಬಸುರಿಯರಿಗೆ ಮೊದಲ ಆದ್ಯತೆ. ಮನೆಯೊಡತಿಯರು ಲ್ಯಾಬಿಗೆ ಹೋಗಿ ಕೂರಲು ಸಾಧ್ಯವಾದದ್ದೇ ಇದರಿಂದ. ಗಂಡಸರು ಬಡಗಿ ಕೆಲಸ, ಗಾರೆ ಕೆಲಸ, ಕಸ ಗುಡಿಸುವ ಕೆಲಸ ಮಾಡಿದರು. ಸ್ವಂತ ಜಮೀನಿದ್ದ ಗುಡ್ಡಕ್ಕೆ ಪಾಸ್ ತೋರಿಸಿ ಕೂಲಿಗೆ ಹೋಗುವುದು ಹೇಗಿತ್ತೋ! ಆದರೆ ಇನ್ನೊಂದು ಮಾತೂ ನಿಜ: ಆ ಬಡ ಸೀಮೆಯಲ್ಲಿ ತಿಂಗಳು ತಿಂಗಳು ಕೈಗೆ ರೊಕ್ಕ ಬಂದದ್ದು ದೊಡ್ಡ ಸಂಗತಿ. ಎಷ್ಟೋ ಕುಟುಂಬಗಳು ಲ್ಯಾಬಿನ ಸಂಬಳದಿಂದಲೇ ಮಕ್ಕಳನ್ನು ಓದಿಸಿದವು. ಗುಡ್ಡದ ಬಗ್ಗೆ ಕಣಿವೆಯಲ್ಲಿ ಸಿಟ್ಟು ಮತ್ತು ಹೆಮ್ಮೆ ಎರಡೂ ಒಂದೇ ಮನೆಯಲ್ಲಿ ಇರುವುದು ಇದಕ್ಕೇ.

ಈ ಎರಡು ಲೋಕಗಳಿಗೆ ನಡುವೆ ಒಂದು ಮನೆ ಇತ್ತು. ಓಟೋವಿ ಸೇತುವೆಯ ಬಳಿ ಎಡಿತ್ ವಾರ್ನರ್ ಎಂಬ ಹೆಣ್ಣುಮಗಳು, ಸಾನ್ ಇಲ್ಡೆಫೋನ್ಸೋದ ಹಿರಿಯ ಟಿಲಾನೋ ಅವರ ಜೊತೆ ಇದ್ದು, ವಿಜ್ಞಾನಿಗಳಿಗೆ ರಾತ್ರಿ ಊಟ ಹಾಕುತ್ತಿದ್ದಳು. 1947ರಲ್ಲಿ ಹೊಸ ಸೇತುವೆ ಬಂದು ಆ ಮನೆಯಲ್ಲಿ ಇರಲಾಗದ ಹಾಗಾದಾಗ, ಪ್ವೆಬ್ಲೋ ಜನರೂ ವಿಜ್ಞಾನಿಗಳೂ ಸೇರಿ ಮಣ್ಣಿನ ಇಟ್ಟಿಗೆ ಹೊತ್ತು ಆಕೆಗೆ ಹೊಸ ಮನೆ ಕಟ್ಟಿಕೊಟ್ಟರು. ಲಾಸ್ ಅಲಮೋಸ್ ಚರಿತ್ರೆಯಲ್ಲಿ ಬಾಂಬಿಗಿಂತ ನನಗೆ ಇಷ್ಟವಾಗುವುದು ಈ ಸಂಗತಿ.

1945ರ ಜುಲೈ 16ರ ಬೆಳಗಿನ 5 ಗಂಟೆ 29 ನಿಮಿಷಕ್ಕೆ, ಗುಡ್ಡದಿಂದ ಇನ್ನೂರು ಮೈಲಿ ದಕ್ಷಿಣದ ಮರುಭೂಮಿಯಲ್ಲಿ ಟ್ರಿನಿಟಿ ಪರೀಕ್ಷೆ ನಡೆಯಿತು. ಆ ಬಯಲಿನ ಸುತ್ತ ಟುಲರೋಸಾ ಕಡೆಯ ಊರುಗಳಿದ್ದವು. ಮಳೆ ನೀರು ಹಿಡಿದಿಟ್ಟು ಕುಡಿಯುವ ಜನ. ಅವರಿಗೆ ಮುಂಚೆ ಯಾರೂ ಹೇಳಲಿಲ್ಲ, ಆಮೇಲೂ ಮದ್ದುಗುಂಡಿನ ಉಗ್ರಾಣ ಸಿಡಿಯಿತು ಅಂತ ಸುಳ್ಳು ಹೇಳಿದರು. ಅವರ ವಿಷಯಕ್ಕೆ ಮತ್ತೆ ಬರುತ್ತೇನೆ.

ಯುದ್ಧ ಮುಗಿದಾಗ ಲ್ಯಾಬೂ ಮುಚ್ಚುತ್ತದೆ ಅಂತಲೇ ಬಹಳ ಜನ ಗಂಟುಮೂಟೆ ಕಟ್ಟಿದ್ದರು. ಆರು ತಿಂಗಳ ಮಟ್ಟಿಗೆ ಅಂತ ನಿರ್ದೇಶಕರಾಗಲು ಒಪ್ಪಿದ ನಾರಿಸ್ ಬ್ರ್ಯಾಡ್‌ಬರಿ 1970ರ ತನಕ ಇದ್ದರು! ಶೀತಲ ಸಮರ ಬಂತು, ಹೈಡ್ರೋಜನ್ ಬಾಂಬು ಬಂತು, ತಾತ್ಕಾಲಿಕ ಕ್ಯಾಂಪು ಕಾಯಂ ಊರಾಯಿತು. 1949ರಲ್ಲಿ ಪ್ರತ್ಯೇಕ ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗೆ. 1957ರ ಫೆಬ್ರವರಿ 18ರಂದು ಊರಿನ ಗೇಟು ತೆಗೆದರು. ತಮಾಷೆ ಅಂದರೆ ಗೇಟು ತೆಗೆಯುವುದು ಒಳಗಿದ್ದ ಅನೇಕರಿಗೇ ಇಷ್ಟವಿರಲಿಲ್ಲ. ಬಾಗಿಲಿಗೆ ಬೀಗ ಹಾಕದೆ ಬದುಕುವುದು ಅಭ್ಯಾಸವಾಗಿಬಿಟ್ಟಿತ್ತು.

ಬಾಂಬು ಬಿಟ್ಟು ಅಲ್ಲಿ ಬೇರೆ ವಿಜ್ಞಾನ ಆಗಿಲ್ಲವೇ ಅಂದರೆ ಆಗಿದೆ. ಜಗತ್ತಿನ ಭೌತವಿಜ್ಞಾನಿಗಳು ಬೆಳಿಗ್ಗೆ ಎದ್ದು ನೋಡುವ ಆರ್ಕೈವ್ ಎಂಬ ಪ್ರಬಂಧಗಳ ಉಚಿತ ಭಂಡಾರ 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಲಾಸ್ ಅಲಮೋಸಿನಲ್ಲೇ ಶುರು ಮಾಡಿದ್ದು. ದೂರದ ಕಾಲೇಜುಗಳಲ್ಲಿ ಕೂತ ನಮ್ಮವರಿಗೆ ಆದ ಉಪಕಾರ ಸಣ್ಣದಲ್ಲ. ಗುಟ್ಟಿನ ಊರಿನಿಂದ ಗುಟ್ಟೇ ಇಲ್ಲದ ಈ ವಸ್ತು ಬಂತು ನೋಡಿ! ಆದರೆ ಅದೇ ಊರಿನ ನಡುವಿನ ಕಣಿವೆಯೊಂದಕ್ಕೆ ಆಸಿಡ್ ಕ್ಯಾನಿಯನ್ ಅಂತ ಹೆಸರು. 1951ರ ತನಕ ವಿಕಿರಣ ಬೆರೆತ ಕೊಳೆನೀರನ್ನು ಶುದ್ಧ ಮಾಡದೆ ಅಲ್ಲಿಗೆ ಬಿಡುತ್ತಿದ್ದರು. ನೀರು ಹರಿಯುವುದು ಕೆಳಕ್ಕೇ, ಕೆಳಗಿರುವುದು ಪ್ವೆಬ್ಲೋ ಭೂಮಿ.

ಈಗ ಪರಿಹಾರದ ವಿಷಯ. 2000ದ ಮೇ ತಿಂಗಳಲ್ಲಿ, ನಮ್ಮ ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಬೆಂಕಿರೇಖೆ ಮಾಡುವ ಹಾಗೆ, ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಬೇಕೆಂದೇ ಹಚ್ಚಿದ ಬೆಂಕಿ ಗಾಳಿಗೆ ಕೈ ಮೀರಿ ಲಾಸ್ ಅಲಮೋಸಿಗೆ ನುಗ್ಗಿತು. ನಾನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಕಳೆದುಕೊಂಡವು. ಜುಲೈ ಹೊತ್ತಿಗೆ ಪರಿಹಾರದ ಕಾನೂನು ತಯಾರು. ಎರಡೇ ತಿಂಗಳು! ಮನೆ ಸುಟ್ಟವರಿಗೆ ಬೇಗ ಸಿಕ್ಕಿದ್ದು ನ್ಯಾಯವೇ. ಆದರೆ 1942ರಲ್ಲಿ ಜಮೀನು ಬಿಟ್ಟುಕೊಟ್ಟ ರೈತರ ವಾರಸುದಾರರಿಗೆ ಒಂದು ಕೋಟಿ ಡಾಲರಿನ ನಿಧಿ ಮಂಜೂರಾದದ್ದು 2004ರಲ್ಲಿ, 62 ವರ್ಷದ ಮೇಲೆ. ಟ್ರಿನಿಟಿಯ ಬೂದಿ ಬಿದ್ದ ಜನರದು ಇನ್ನೂ ನಿಧಾನ. 1990ರ ವಿಕಿರಣ ಪರಿಹಾರ ಕಾಯಿದೆ ನೆವಾಡಾದ ಪರೀಕ್ಷೆಗಳಿಂದ ತೊಂದರೆಯಾದವರನ್ನು ಲೆಕ್ಕಕ್ಕೆ ಹಿಡಿಯಿತು, ಮೊಟ್ಟಮೊದಲ ಪರೀಕ್ಷೆಯ ನೆರೆಯವರನ್ನು ಬಿಟ್ಟಿತು. ಅವರು ಸೇರಿದ್ದು 2025ರ ಜುಲೈನಲ್ಲಿ, ಪರೀಕ್ಷೆ ಆಗಿ 80 ವರ್ಷಕ್ಕೆ. ಅಷ್ಟರಲ್ಲಿ ಅಂದಿನ ಮಕ್ಕಳಲ್ಲಿ ಎಷ್ಟು ಜನ ಉಳಿದಿದ್ದರು?

ಈಗ ಲ್ಯಾಬಿನಲ್ಲಿ 15 ಸಾವಿರಕ್ಕೂ ಮಿಕ್ಕಿ ಜನ ಕೆಲಸಕ್ಕಿದ್ದಾರೆ. ಬಾಂಬಿನ ಪ್ಲುಟೋನಿಯಂ ತಿರುಳುಗಳನ್ನು ಮತ್ತೆ ತಯಾರಿಸುವ ಕೆಲಸ ಜೋರಾಗಿದೆ. 2020ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನಸಂಖ್ಯೆ 19,419. ಹಾಗಾಗಿ ಕೆಲಸಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದಿನಾ ಕೆಳಗಿನಿಂದ ಹತ್ತಿ ಬರುತ್ತಾರೆ. ಅಮೆರಿಕದ ಅತಿ ಶ್ರೀಮಂತ ಕೌಂಟಿಗಳಲ್ಲಿ ಒಂದು ಮೇಲೆ, ಅದರ ಪಕ್ಕದಲ್ಲೇ ಬಡ ರಿಯೋ ಅರಿಬಾ. ಕಣಿವೆಯವರು ಲ್ಯಾಬಿಗೆ ಇವತ್ತಿಗೂ ಹೇಳುವ ಹೆಸರು 'ಗುಡ್ಡ' ಅಂತಲೇ.

ಅಂದಹಾಗೆ, ರೊಮೇರೋ ಎಂಬ ರೈತ ಕುಟುಂಬ 1913ರಲ್ಲಿ ಕಟ್ಟಿದ ಮರದ ದಿಮ್ಮಿಗಳ ಗುಡಿಸಲೊಂದು ಲ್ಯಾಬಿನ ಜಾಗದಲ್ಲಿ ಉಳಿದುಕೊಂಡಿತ್ತು. ಅದನ್ನು ಬಿಚ್ಚಿ ತಂದು ಊರ ನಡುವೆ ಮತ್ತೆ ನಿಲ್ಲಿಸಿದ್ದಾರೆ. ಹೋದವರು ನೋಡಬಹುದು. ಬಾತ್‌ಟಬ್ ರೋ ಅಲ್ಲಿಂದ ಕೂಗಳತೆ ದೂರ.